ಸ್ಥಳೀಯ ನಾಳಸಸ್ಯಗಳನ್ನು ಗುರುತಿಸಲು ಕಲಿಯುವುದು: ಯಾವ ಭಾಗ ನೋಡಬೇಕು, ಯಾವ ಕ್ರಮದಲ್ಲಿ?

ಕಾಡುಬಳ್ಳಿ

ಗಿಡದ ಫೋಟೊ ಕೊಟ್ಟರೆ ಆ್ಯಪ್ ಒಂದು ಹೆಸರು ಹೇಳುತ್ತದೆ. ಆ ಹೆಸರು ಸರಿಯೋ ತಪ್ಪೋ ಎಂದು ಗಿಡದ ಎದುರೇ ನಿಂತು ತೀರ್ಮಾನಿಸುವುದು ಹೇಗೆ ಎನ್ನುವುದು ಇಲ್ಲಿ ಚರ್ಚೆಯಾಗಲಿ.

ನಾಳಸಸ್ಯಗಳಲ್ಲಿ, ಅಂದರೆ ನೀರು, ಆಹಾರ ಸಾಗಿಸುವ ನಾಳಗಳಿರುವ ಗಿಡಗಳಲ್ಲಿ, ಜರೀಗಿಡಗಳು ಬರುತ್ತವೆ, ಸೆಲಾಜಿನೆಲ್ಲಾ ಮತ್ತು ಲೈಕೊಪೋಡಿಯಂಗಳ ಗುಂಪು ಬರುತ್ತದೆ, ಸೈಕಾಸ್, ಪೈನ್‌ಗಳಂಥ ಅನಾವೃತಬೀಜ ಸಸ್ಯಗಳು ಬರುತ್ತವೆ, ಮಿಕ್ಕವೆಲ್ಲ ಹೂಬಿಡುವ ಸಸ್ಯಗಳು. ಜಗತ್ತಿನಲ್ಲಿ ಒಟ್ಟು ಸುಮಾರು 3.5 ಲಕ್ಷ ಪ್ರಭೇದಗಳಿವೆ. ಒಂದೊಂದನ್ನೇ ನೆನಪಿಟ್ಟುಕೊಂಡು ಕಲಿಯುವ ಲೆಕ್ಕ ಇದಲ್ಲ, ಏನಾದರೂ ಒಂದು ವಿಂಗಡಣೆಯ ದಾರಿ ಬೇಕು. ಕುಟುಂಬದಿಂದ ಶುರು ಮಾಡಬೇಕೋ, ಸುತ್ತಮುತ್ತಲಿನ ಪ್ರಭೇದಗಳ ಪಟ್ಟಿಯಿಂದಲೋ? ಹೂವೇ ಇಲ್ಲದ ತಿಂಗಳುಗಳಲ್ಲಿ ಏನು ಮಾಡುವುದು? ಹುಲ್ಲು, ಜೇಕು, ಜರೀಗಿಡ ಬಂದಾಗ ಹೆಚ್ಚಿನವರು ಕೈಚೆಲ್ಲುತ್ತಾರೆ, ಅಲ್ಲಿ ಮೊದಲ ಹೆಜ್ಜೆ ಯಾವುದು? ಬಲ್ಲವರು ವಿವರವಾಗಿ ಬರೆಯಿರಿ.

ಭೂತಗನ್ನಡಿ

ಕುಟುಂಬದಿಂದಲೇ ಶುರು ಮಾಡಿ. ಹೂಬಿಡುವ ಸಸ್ಯಗಳ 2016ರ ಎಪಿಜಿ-4 (ಆ್ಯಂಜಿಯೊಸ್ಪರ್ಮ್ ಫೈಲೊಜೆನಿ ಗ್ರೂಪ್‌ನ ನಾಲ್ಕನೆಯ) ವರ್ಗೀಕರಣದಲ್ಲಿ 416 ಕುಟುಂಬಗಳಿವೆ. ಸಂಖ್ಯೆ ನೋಡಿ ಅಂಜಬೇಡಿ. ಸೂರ್ಯಕಾಂತಿ, ಆರ್ಕಿಡ್, ಅವರೆ, ಕೇಪಳ, ಹುಲ್ಲು, ಈ ಐದು ಕುಟುಂಬಗಳಲ್ಲೇ ಹೂಬಿಡುವ ಸಸ್ಯಗಳ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಡಗಿದೆ. ಇವುಗಳ ಜೊತೆಗೆ ತುಂಬೆ, ಆಡುಸೋಗೆ, ದಾಸವಾಳ, ಎಕ್ಕ, ಕಳ್ಳಿ, ನೇರಳೆ, ಆಲದ ಕುಟುಂಬಗಳನ್ನು ಲಕ್ಷಣಸಮೇತ ಕಲಿತರೆ, ಎದುರಾಗುವ ಹೊಸ ಗಿಡಗಳಲ್ಲಿ ಬಹುಪಾಲನ್ನು ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ.

ನೋಡುವ ಕ್ರಮ ಪ್ರತಿಸಲವೂ ಒಂದೇ ಇರಲಿ. ಮೊದಲು ಗೆಣ್ಣು: ಎಲೆಗಳು ಎದುರುಬದುರೋ, ಒಂದಾದ ಮೇಲೊಂದೋ, ಸುತ್ತಲೂ ಇವೆಯೋ. ಆಮೇಲೆ ಎಲೆತೊಟ್ಟಿನ ಬುಡದಲ್ಲಿ ಕಾವಿನೆಲೆ (ಚಿಕ್ಕ ಎಲೆಯಂಥ ಅಥವಾ ಪೊರೆಯಂಥ ಭಾಗ) ಇದೆಯೋ, ಉದುರಿದ ಗುರುತಾದರೂ ಇದೆಯೋ. ಎಳೆಯ ಎಲೆಯೊಂದನ್ನು ಕಿತ್ತರೆ ಹಾಲು ಬರುತ್ತದೆಯೋ. ಇಷ್ಟಾದ ಮೇಲೆ ಹೂವಿಗೆ ಬನ್ನಿ. ಎಸಳುಗಳು ಬಿಡಿಯೋ ಕೂಡಿಕೊಂಡಿವೆಯೋ, ಕೇಸರ ಎಷ್ಟು, ಅವು ಎಲ್ಲಿ ಅಂಟಿಕೊಂಡಿವೆ, ಅಂಡಾಶಯ ಎಸಳುಗಳ ಬುಡಕ್ಕಿಂತ ಮೇಲಿದೆಯೋ ಕೆಳಗಿದೆಯೋ. ಕೊನೆಗೆ ಕಾಯಿ. ಹೂವಿನ ಬಣ್ಣ ಈ ಸರಣಿಯಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿ. ಒಂದೇ ಪ್ರಭೇದದೊಳಗೆ ಬಣ್ಣ ಬದಲಾಗುತ್ತದೆ, ಹೂವು ಹಳೆಯದಾದಂತೆಯೂ ಬದಲಾಗುತ್ತದೆ. ಕುಟುಂಬ ಗುರುತಿಸಲು ಅದು ಬಲು ದುರ್ಬಲ ಸಾಕ್ಷಿ.

ಸಲಕರಣೆ: 10 ಪಟ್ಟು ದೊಡ್ಡದು ತೋರಿಸುವ ಮಡಚುವ ಲೆನ್ಸ್, ಹೊಸ ಬ್ಲೇಡು, ಚೂಪು ತುದಿಯ ಚಿಮಟ, ಮಿಲಿಮೀಟರ್ ಗುರುತಿರುವ ಚಿಕ್ಕ ಸ್ಕೇಲು, ಪೆನ್ಸಿಲ್, ಪುಸ್ತಕ. 20 ಪಟ್ಟಿನ ಲೆನ್ಸ್ ಕೊಳ್ಳುವ ಆಸೆ ಬೇಡ. ಅದರಲ್ಲಿ ಕಾಣುವ ವಲಯ ಕಿರಿದು, ಸ್ಪಷ್ಟವಾಗುವ ಆಳ ಇನ್ನೂ ಕಡಿಮೆ, ಕೈ ಚೂರು ಅಲುಗಿದರೂ ನೋಟ ತಪ್ಪುತ್ತದೆ. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಹೂವನ್ನೇ ಲೆನ್ಸಿನ ಬಳಿಗೆ ತನ್ನಿ. ಗಿಡದ ಮೇಲೆ ಲೆನ್ಸ್ ಹಿಡಿದು ದೂರದಿಂದ ಇಣುಕಿದರೆ ಏನೂ ಕಾಣದು.

ಎಲೆತೊಟ್ಟು

ಎದುರುಬದುರು ಎಲೆ ಇರುವ ಪೊದೆಗಳಲ್ಲಿ ಕೇಪಳದ ಕುಟುಂಬ ರೂಬಿಯೇಸೀ ಮತ್ತು ಆಡುಸೋಗೆಯ ಕುಟುಂಬ ಅಕ್ಯಾಂತೇಸೀ ತುಂಬಾ ಗೊಂದಲ ಮಾಡುತ್ತವೆ. ಹೂವು ಬಿಟ್ಟಿಲ್ಲದಿದ್ದರೆ ಇವೆರಡನ್ನು ಬಿಡಿಸುವ ನಂಬಿಕಸ್ತ ಗುರುತು ಯಾವುದು?

ಭೂತಗನ್ನಡಿ

ಕಾವಿನೆಲೆ. ರೂಬಿಯೇಸೀಯಲ್ಲಿ ಎದುರುಬದುರಿರುವ ಎರಡು ತೊಟ್ಟುಗಳ ನಡುವೆ, ಕಾಂಡದ ಮೇಲೆ, ತ್ರಿಕೋನದ ಅಥವಾ ಮುಳ್ಳಿನಂಥ ಚಿಕ್ಕ ಪೊರೆ ಇರುತ್ತದೆ. ಅಕ್ಯಾಂತೇಸೀಯಲ್ಲಿ ಕಾವಿನೆಲೆಯೇ ಇಲ್ಲ, ಎರಡು ತೊಟ್ಟುಗಳನ್ನು ಕೂಡಿಸುವ ಅಡ್ಡಗೆರೆ ಮಾತ್ರ ಕಾಣಬಹುದು. ಅನೇಕರು ಈ ಗೆರೆಯನ್ನೇ ಕಾವಿನೆಲೆ ಉದುರಿದ ಗುರುತು ಎಂದುಕೊಳ್ಳುತ್ತಾರೆ, ತಪ್ಪಾಗುವುದು ಅಲ್ಲೇ. ಹಾಗಾಗಿ ಹಳೆಯ ಗೆಣ್ಣನ್ನು ನಂಬಬೇಡಿ. ಕೊಂಬೆಯ ತುದಿಯಿಂದ ಮೊದಲ ಎರಡು ಮೂರು ಗೆಣ್ಣುಗಳನ್ನು ಲೆನ್ಸಿನಲ್ಲಿ ನೋಡಿ. ಕಾವಿನೆಲೆ ಇರುವ ಗಿಡವಾದರೆ ತುದಿಯ ಮೊಗ್ಗನ್ನು ಅದೇ ಮುಚ್ಚಿಕೊಂಡಿರುತ್ತದೆ.

ಇನ್ನೊಂದು ಗುರುತೂ ಇದೆ. ಅಕ್ಯಾಂತೇಸೀಯ ಹಲವು ಗಿಡಗಳಲ್ಲಿ ಗೆಣ್ಣಿನ ಮೇಲ್ಭಾಗ ಉಬ್ಬಿರುತ್ತದೆ, ಒಣಗಿದಾಗ ಅದೇ ಭಾಗ ಸುಕ್ಕಾಗಿ ಒಳಗೆ ಸರಿಯುತ್ತದೆ. ಒಣಕಾಯಿ ಸಿಕ್ಕರಂತೂ ಅನುಮಾನವೇ ಉಳಿಯದು: ಎರಡಾಗಿ ಸೀಳಿದ ಕಾಯಿಯೊಳಗೆ, ಬೀಜ ಕೂತಿದ್ದ ಕಡೆ, ಕೊಕ್ಕೆಯಂಥ ಚಿಕ್ಕ ಮುಂಚಾಚುಗಳಿರುತ್ತವೆ. ಬೀಜವನ್ನು ಸಿಡಿಸುವುದರಲ್ಲಿ ಅವುಗಳ ಪಾಲಿದೆ. ರೂಬಿಯೇಸೀಯಲ್ಲಿ ಇಂಥದ್ದಿಲ್ಲ. ಅಲ್ಲಿ ಅಂಡಾಶಯ ಎಸಳುಗಳ ಕೆಳಗಿರುವುದರಿಂದ ಕಾಯಿಯ ನೆತ್ತಿಯ ಮೇಲೆ ಪುಷ್ಪಪಾತ್ರೆಯ ಹಲ್ಲುಗಳೋ ಅವುಗಳ ಉಂಗುರದ ಗುರುತೋ ಉಳಿದಿರುತ್ತದೆ. ಆಡುಸೋಗೆಯ ಕಡೆಯವುಗಳಲ್ಲಿ ಪುಷ್ಪಪಾತ್ರೆ ಕಾಯಿಯ ಬುಡದಲ್ಲಿರುತ್ತದೆ.

ಕಂಕುಳಮೊಗ್ಗು

ಇದಕ್ಕೂ ಮೊದಲು ಎಲೆ ಎಂದರೆ ಯಾವುದು ಎಂಬುದು ಇತ್ಯರ್ಥವಾಗಬೇಕು. ಒಂಟಿ ಎಲೆಯೋ ಸಂಯುಕ್ತ ಎಲೆಯೋ ಎಂಬಲ್ಲೇ ಎಡವಿದರೆ ಮುಂದಿನ ಹೆಜ್ಜೆಗಳೆಲ್ಲ ತಪ್ಪು ದಾರಿಗೆ ಬೀಳುತ್ತವೆ. ನಿಯಮ ಸರಳ: ಎಲೆಯ ಕಂಕುಳಲ್ಲಿ (ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ) ಮೊಗ್ಗು ಇರುತ್ತದೆ, ಕಿರುಎಲೆಯ ಕಂಕುಳಲ್ಲಿ ಇರುವುದಿಲ್ಲ.

ಹುಣಸೆ ಮತ್ತು ನೆಲ್ಲಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ದೂರದಿಂದ ಎರಡೂ ಗರಿಯಂಥ ಸಂಯುಕ್ತ ಎಲೆಗಳೇ. ಹುಣಸೆಯಲ್ಲಿ ಮೊಗ್ಗು ಇರುವುದು ಇಡೀ ಗರಿಯ ಬುಡದಲ್ಲಿ, ಆದ್ದರಿಂದ ಇಡೀ ಗರಿಯೇ ಒಂದು ಎಲೆ. ನೆಲ್ಲಿಯಲ್ಲಿ ಒಂದೊಂದು ಸಣ್ಣ ಎಲೆಯ ಕಂಕುಳಲ್ಲೂ ಹೂವು ಬಿಡುತ್ತದೆ. ಅಂದರೆ ಆ ಸಣ್ಣದೇ ಪೂರ್ತಿ ಎಲೆ, ಗರಿಯಂತೆ ಕಾಣುವುದು ಒಂದು ಕಿರುಕೊಂಬೆ. ನೆಲನೆಲ್ಲಿಯೂ ಹೀಗೆಯೇ.

ನೆಲನೆಲ್ಲಿಯ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಬೆರೆತುಹೋಗುತ್ತವೆ, ಅವನ್ನೂ ಬಿಡಿಸಿಡುತ್ತೇನೆ. ಫಿಲ್ಯಾಂತಸ್ ಅಮಾರಸ್‌ನಲ್ಲಿ ಕಾಯಿಗೆ ತೊಟ್ಟಿದೆ, ಮೈ ನುಣುಪು, ಪುಷ್ಪಪತ್ರಗಳು ಐದು. ಫಿಲ್ಯಾಂತಸ್ ಯೂರಿನೇರಿಯಾದಲ್ಲಿ ಕಾಯಿ ಹೆಚ್ಚುಕಡಿಮೆ ತೊಟ್ಟಿಲ್ಲದೆ ಅಂಟಿಕೊಂಡಿರುತ್ತದೆ, ಮೈಮೇಲೆ ಗಂಟುಗಂಟು, ಪುಷ್ಪಪತ್ರ ಆರು, ಎಲೆಯ ಅಂಚಿನಲ್ಲಿ ಬಿರುಸು ರೋಮ. ಲೆನ್ಸ್ ಇದ್ದರೆ ಅರ್ಧ ನಿಮಿಷದ ಕೆಲಸ. ಮೇಲಿನಿಂದ ತೆಗೆದ ಫೋಟೊದಲ್ಲಿ ಮಾತ್ರ ಇದು ಎಂದಿಗೂ ತೀರ್ಮಾನವಾಗದು, ಏಕೆಂದರೆ ಕಾಯಿಗಳು ಕಿರುಕೊಂಬೆಯ ಅಡಿಯಲ್ಲಿ ಅಡಗಿರುತ್ತವೆ.

ಹೆಮ್ಮರ

ಕುಟುಂಬದಿಂದ ಶುರು ಮಾಡಬೇಕೆಂಬುದು ಸರಿ. ಆದರೆ ಕಾಡಿನ ಮರಗಳ ಮಟ್ಟಿಗೆ ಹೂವನ್ನು ಕಾಯುತ್ತ ಕೂರಲಾಗದು. ಹೂವು ನಲವತ್ತಡಿ ಮೇಲಿರುತ್ತದೆ, ವರ್ಷಕ್ಕೆ ಕೆಲವೇ ವಾರ. ಎಲೆ, ತೊಗಟೆ, ಹಾಲು, ವಾಸನೆಯಿಂದಲೇ ಕುಟುಂಬ ಹಿಡಿಯುವುದನ್ನು ಮೊದಲ ದಿನದಿಂದ ರೂಢಿಸಿಕೊಳ್ಳಬೇಕು.

ಎಲೆಯನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಸೂಜಿಯಲ್ಲಿ ಚುಚ್ಚಿದಂಥ ಪಾರದರ್ಶಕ ಚುಕ್ಕೆಗಳು ಕಂಡವೋ, ಅವು ಎಣ್ಣೆಗ್ರಂಥಿಗಳು. ಎಲೆ ಎದುರುಬದುರಿದ್ದು, ಅಂಚಿಗೆ ಸಮಾನಾಂತರವಾಗಿ ಒಂದು ನರ ಸುತ್ತುವರಿದು ಹೋಗಿದ್ದರೆ ನೇರಳೆಯ ಕುಟುಂಬ ಮಿರ್ಟೇಸೀ. ಚುಕ್ಕೆ ಇದ್ದೂ ಎಲೆ ಸಂಯುಕ್ತವಾಗಿ, ಒಂದಾದ ಮೇಲೊಂದರಂತೆ ಇದ್ದರೆ ಮೊದಲು ನಿಂಬೆಯ ಕುಟುಂಬವನ್ನು ಪರೀಕ್ಷಿಸಿ. ಎಲೆಯ ಬುಡದಿಂದಲೇ ಮೂರರಿಂದ ಏಳು ನರಗಳು ಬಾಗಿ ತುದಿಯವರೆಗೆ ಓಡಿದ್ದು, ಅವುಗಳ ನಡುವೆ ಏಣಿಯಂತೆ ಅಡ್ಡನರಗಳಿದ್ದು, ಎಲೆ ಎದುರುಬದುರಿದ್ದರೆ ಮೆಲಾಸ್ಟೊಮಟೇಸೀ. ಅದೇ ಕುಟುಂಬದ ಮೆಮೆಸೈಲಾನ್‌ನಲ್ಲಿ ಮಾತ್ರ ಈ ಗುರುತು ಸಿಗದು, ಅಲ್ಲಿ ಅಡ್ಡನರಗಳು ಅಷ್ಟಾಗಿ ಕಾಣುವುದೂ ಇಲ್ಲ. ಕೊಂಬೆಯ ಗೆಣ್ಣಿನಲ್ಲಿ ಪೂರ್ತಿ ಉಂಗುರದಂಥ ಗುರುತು, ಜೊತೆಗೆ ಬಿಳಿ ಹಾಲು, ತುದಿಯಲ್ಲಿ ಶಂಖದಂತೆ ಸುತ್ತಿಕೊಂಡ ಮೊಗ್ಗು ಇದ್ದರೆ ಆಲ, ಅತ್ತಿಗಳ ಫೈಕಸ್ ಜಾತಿ (ಜೀನಸ್, ಅಂದರೆ ಹತ್ತಿರದ ಪ್ರಭೇದಗಳ ಗುಂಪು).

ಹಾಲು ಪರೀಕ್ಷಿಸುವಾಗ ಎಚ್ಚರ ಇರಲಿ. ಎಕ್ಕ ಮತ್ತು ಕಳ್ಳಿಗಳ ಹಾಲು ಕಣ್ಣಿಗೆ ತಾಗಿದರೆ ತೀವ್ರ ಹಾನಿ. ಕೈ ತೊಳೆಯುವವರೆಗೆ ಮುಖ ಮುಟ್ಟಬೇಡಿ. ಕರಿಗೇರು ಮತ್ತು ಅದರ ಬಂಧುಗಳಾದ ಹೊಲಿಗಾರ್ನಾ ಮರಗಳ ರಸ ಚರ್ಮದ ಮೇಲೆ ಬೊಬ್ಬೆ ಎಬ್ಬಿಸುತ್ತದೆ. ಗಾಯವಾದ ತೊಗಟೆಯ ಮೇಲೆ ಕಪ್ಪು ಕಲೆ ಇಳಿದಿರುವ ಮರ ಕಂಡರೆ ಎಲೆ ಕೀಳದೆ ದೂರದಿಂದಲೇ ನೋಡಿ. ಬೇಸಿಗೆಯಲ್ಲಿ ಹಳೆಯ ಎಲೆಯಿಂದ ಹಾಲು ಬರದಿರಬಹುದು, "ಹಾಲಿಲ್ಲ" ಎಂದು ಬರೆಯುವ ಮುನ್ನ ಎಳೆಯ ತೊಟ್ಟನ್ನೂ ಎಳೆಯ ಕಾಯಿಯನ್ನೂ ಪರೀಕ್ಷಿಸಬೇಕು.

ಕಾಡುಬಳ್ಳಿ

ನೆಲ್ಲಿಯ ಮಾತು ಬಂದದ್ದರಿಂದ ಕೇಳುತ್ತೇನೆ. ಹಳೆಯ ಫ್ಲೋರಾಗಳಲ್ಲಿ (ಒಂದು ಪ್ರದೇಶದ ಗಿಡಗಳನ್ನು ವಿವರಿಸುವ ಪುಸ್ತಕಗಳಲ್ಲಿ) ಅದು ಯುಫೋರ್ಬಿಯೇಸೀಯಲ್ಲಿದೆ, ಈಗ ಫಿಲ್ಯಾಂತೇಸೀ ಎನ್ನುತ್ತಾರೆ. ತೇಗವೂ ವರ್ಬಿನೇಸೀ ಬಿಟ್ಟು ತುಂಬೆಯ ಕುಟುಂಬಕ್ಕೆ ಹೋಗಿದೆ. ಕಲಿಯುವವರು ಯಾವುದನ್ನು ಹಿಡಿಯಬೇಕು?

ಒಣಹಾಳೆ

ಹೊಸದನ್ನು ಹಿಡಿಯಿರಿ, ಹಳೆಯದನ್ನು ಓದಲು ಬರುವಷ್ಟು ತಿಳಿದಿರಿ. ಬದಲಾವಣೆಗಳ ಹಿಂದೆ ಡಿಎನ್‌ಎ ಆಧಾರವಿದೆ, ಎಷ್ಟೋ ಕಡೆ ಕಣ್ಣಿಗೆ ಕಾಣುವ ಗುರುತೂ ಇದೆ. ಫಿಲ್ಯಾಂತೇಸೀಯಲ್ಲಿ ಅಂಡಾಶಯದ ಒಂದೊಂದು ಕೋಣೆಗೆ ಎರಡು ಅಂಡಕ, ಈಗಿನ ಯುಫೋರ್ಬಿಯೇಸೀಯಲ್ಲಿ ಒಂದೇ. ಫಿಲ್ಯಾಂತೇಸೀಯಲ್ಲಿ ಬಿಳಿ ಹಾಲೂ ಇಲ್ಲ. ತೇಗ, ಶಿವನೆ, ಲಕ್ಕಿಗಳು ತುಂಬೆಯ ಕುಟುಂಬಕ್ಕೆ ಬಂದದ್ದರಿಂದ, ನಾಲ್ಕು ಹೋಳಿನ ಅಂಡಾಶಯದ ನಡುವೆ ತಳದಿಂದ ಶಲಾಕೆ (ಪರಾಗ ಹಿಡಿಯುವ ತುದಿಯನ್ನು ಹೊತ್ತ ಕಡ್ಡಿ) ಏಳುವುದು ಇಡೀ ಲೇಮಿಯೇಸೀಯ ಗುರುತಾಗಿ ಉಳಿದಿಲ್ಲ. ತುಂಬೆ, ತುಳಸಿಗಳ ಗುಂಪಿಗೆ ಅದು ಈಗಲೂ ಒಪ್ಪುತ್ತದೆ. ಬೂರುಗ, ತಡಸಲುಗಳ ಹಳೆಯ ಕುಟುಂಬಗಳು ದಾಸವಾಳದ ಮಾಲ್ವೇಸೀಗೆ ಸೇರಿವೆ. ಅವರೆಯ ಕುಟುಂಬದಲ್ಲಿ ಮೊದಲು ಮೂರು ಉಪಕುಟುಂಬ ಕಲಿಸುತ್ತಿದ್ದರು. 2017ರ ವಿಂಗಡಣೆಯಲ್ಲಿ ಆರು ಇವೆ, ಮುಟ್ಟಿದರೆ ಮುನಿ ಮತ್ತು ಜಾಲಿಗಳ ಗುಂಪು ಸೀಸಾಲ್ಪಿನಿಯಾಯ್ಡೀ ಒಳಗೆ ಸೇರಿದೆ.

ಜಾತಿಯ ಹೆಸರೂ ಬದಲಾಗುತ್ತದೆ. ಅಕೇಸಿಯಾ ಎಂಬ ಹೆಸರು ಆಸ್ಟ್ರೇಲಿಯಾದ ಗುಂಪಿಗೇ ಉಳಿಯಬೇಕೆಂದು 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ತೀರ್ಮಾನವಾಯಿತು, 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿಯಾಯಿತು. ಹಾಗಾಗಿ ಕರಿಜಾಲಿ ಈಗ ವಚೇಲಿಯಾ ನೈಲೋಟಿಕಾ. ಹೊಂಗೆ ಪೊಂಗಾಮಿಯಾದಿಂದ ಡೆರಿಸ್‌ಗೆ, ಮಿಲ್ಲೆಟಿಯಾಗೆ ಹೋಗಿ ಮತ್ತೆ ಪೊಂಗಾಮಿಯಾ ಪಿನ್ನೇಟಾ ಆಗಿದೆ. ಟಿಪ್ಪಣಿಯಲ್ಲಿ ನೀವು ಬಳಸಿದ ಹೆಸರಿನ ಜೊತೆಗೆ ಯಾವ ಫ್ಲೋರಾ ನೋಡಿ ಗುರುತಿಸಿದಿರಿ ಎಂದೂ ಬರೆದಿಡಿ. ಮುಂದೆ ಹೆಸರು ಬದಲಾದರೂ ಗಿಡ ಯಾವುದೆಂದು ಪತ್ತೆ ಹಚ್ಚಬಹುದು. ಈಗ ಚಾಲ್ತಿಯಲ್ಲಿರುವ ಹೆಸರು ಮತ್ತು ಮೂಲ ನೆಲೆಯ ನಕ್ಷೆಗೆ ಕ್ಯೂ ಉದ್ಯಾನದ 'ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್' ನೋಡಬಹುದು.

ಹುಲ್ಲುಗರಿ

ಹುಲ್ಲು, ಜೇಕುಗಳ ಬಗ್ಗೆ ಬರೆಯುತ್ತೇನೆ. ಮೊದಲು ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ. ಮೂರು ಮೂಲೆ ಇದ್ದು, ಒಳಗೆ ಗಟ್ಟಿಯಿದ್ದು, ಎಲೆಗಳು ಮೂರು ಸಾಲಿನಲ್ಲಿದ್ದರೆ ಜೇಕಿನ ಕುಟುಂಬ. ಕಾಂಡ ಉರುಟಾಗಿ, ಗೆಣ್ಣು ಬಿಟ್ಟರೆ ಒಳಗೆ ಟೊಳ್ಳಾಗಿ, ಎಲೆಗಳು ಎರಡು ಸಾಲಿನಲ್ಲಿದ್ದರೆ ಹುಲ್ಲು. ಆದರೆ ಮೂಲೆಯೊಂದನ್ನೇ ನಂಬಿ ಕೂರಬೇಡಿ. ಎಲಿಯೋಕ್ಯಾರಿಸ್ ಎಂಬ ಜೇಕಿನ ಬಹಳಷ್ಟು ಪ್ರಭೇದಗಳ ಕಾಂಡ ಉರುಟು. ಘನ ಕಾಂಡದ ಹುಲ್ಲುಗಳೂ ಇವೆ, ಕಬ್ಬು, ಜೋಳ ನೋಡಿ. ಹೆಚ್ಚು ನಂಬಬಹುದಾದದ್ದು ಎಲೆಯ ಒರೆ: ಜೇಕಿನಲ್ಲಿ ಅದು ಕಾಂಡದ ಸುತ್ತ ಕೊಳವೆಯಂತೆ ಮುಚ್ಚಿರುತ್ತದೆ, ಹುಲ್ಲಿನಲ್ಲಿ ಸಾಮಾನ್ಯವಾಗಿ ಒಂದು ಬದಿ ಸೀಳಿ ಅಂಚುಗಳು ಒಂದರ ಮೇಲೊಂದು ಬಂದಿರುತ್ತವೆ.

ಹುಲ್ಲಿನಲ್ಲಿ ಮುಂದಿನ ಹೆಜ್ಜೆ ಲಿಗ್ಯೂಲ್. ಎಲೆಯ ಅಲಗನ್ನು ಕಾಂಡದಿಂದ ಹಿಂದಕ್ಕೆ ಬಾಗಿಸಿದರೆ, ಒರೆ ಮತ್ತು ಅಲಗು ಕೂಡುವ ಕಡೆ ಒಂದು ಪೊರೆಯೋ ರೋಮದ ಸಾಲೋ ಕಾಣುತ್ತದೆ. ಪೊರೆಯೋ ರೋಮವೋ, ಎಷ್ಟು ಮಿ.ಮೀ. ಎತ್ತರ, ತುದಿ ಹರಿದಿದೆಯೋ ನೇರವೋ, ಬರೆದುಕೊಳ್ಳಿ. ಆಮೇಲೆ ಕಿರುತೆನೆ, ಅಂದರೆ ತೆನೆಯಲ್ಲಿರುವ ಒಂದೊಂದು ಪುಟ್ಟ ಹೂಗೊಂಚಲು. ಹಣ್ಣಾದ ತೆನೆಯನ್ನು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ. ಕಿರುತೆನೆ ಇಡಿಯಾಗಿ ಉದುರಿದರೆ ಹುಡುಕಾಟವನ್ನು ನವಣೆ, ಸಾಮೆಗಳಿರುವ ಪ್ಯಾನಿಕಾಯ್ಡೀ ಕಡೆಯಿಂದ ಶುರು ಮಾಡಿ. ಬುಡದಲ್ಲಿ ಹೊಟ್ಟಿನಂತಿರುವ ಎರಡು ಗ್ಲೂಮ್‌ಗಳು ಕಡ್ಡಿಯಲ್ಲೇ ಉಳಿದು ಮೇಲಿನ ಭಾಗ ಮಾತ್ರ ಉದುರಿದರೆ ಬೇರೆ ಉಪಕುಟುಂಬಗಳಲ್ಲಿ ಹುಡುಕಬೇಕು. ಎಳೆಯ ತೆನೆ ತಂದರೆ ಈ ಪರೀಕ್ಷೆ ಆಗದು, ಹೂಬಿಡುವಾಗಿನ ಹುಲ್ಲು ಗುರುತಿಸಲು ಕಷ್ಟವಾಗುವುದು ಇದೇ ಕಾರಣಕ್ಕೆ.

ಜೇಕಿನಲ್ಲಿ ಮಾಗಿದ ಬೀಜಕಾಯಿ ಇಲ್ಲದೆ ಪ್ರಭೇದದ ಮಟ್ಟಕ್ಕೆ ಹೋಗಬೇಡಿ. ಅದು ಮೂರು ಮೂಲೆಯದೋ ಎರಡು ಬದಿ ಚಪ್ಪಟೆಯೋ, ಶಲಾಕಾಗ್ರ ಮೂರೋ ಎರಡೋ, ಶಲಾಕೆಯ ಉಬ್ಬಿದ ಬುಡ ಕಾಯಿಯ ತಲೆಯ ಮೇಲೆ ಟೋಪಿಯಂತೆ ಉಳಿದಿದೆಯೋ ಉದುರಿದೆಯೋ ಎನ್ನುವುದು ಮುಖ್ಯ. ಉಳಿದಿದ್ದರೆ ಎಲಿಯೋಕ್ಯಾರಿಸ್ ಕಡೆ, ಪೂರ್ತಿ ಉದುರಿದ್ದರೆ ಫಿಂಬ್ರಿಸ್ಟೈಲಿಸ್ ಕಡೆ ನೋಡಿ. ಕೊನ್ನಾರಿಯ ಸೈಪೆರಸ್‌ನಲ್ಲಿ ಗ್ಲೂಮ್‌ಗಳು ಎರಡು ಸಾಲಾಗಿ ಚಪ್ಪಟೆ ಜೋಡಣೆಯಲ್ಲಿವೆ, ಫಿಂಬ್ರಿಸ್ಟೈಲಿಸ್‌ನಲ್ಲಿ ಸಾಮಾನ್ಯವಾಗಿ ಸುರುಳಿಯಾಗಿ.

ಜರಿತೊರೆ

ಜರೀಗಿಡ ಎಂದೊಡನೆ ಎಲ್ಲರೂ ಎಲೆಯ ಸೀಳುಗಳ ಆಕಾರವನ್ನೇ ನೋಡುತ್ತಾರೆ. ದಯವಿಟ್ಟು ಎಲೆ ಮಗುಚಿ. ಬೀಜಕಕೋಶಗಳ ಗುಂಪು, ಅಂದರೆ ಸೋರಸ್, ಎಲ್ಲಿದೆ, ಯಾವ ಆಕಾರದ್ದು, ಅದರ ಮೇಲೆ ಮುಚ್ಚಳದಂಥ ಪೊರೆ ಇದೆಯೋ ಎನ್ನುವುದೇ ಮೊದಲ ವಿಂಗಡಣೆ. ಎಲೆಯಂಚು ಉದ್ದಕ್ಕೂ ಮಡಚಿ ಸೋರಸ್‌ಗಳನ್ನು ಮುಚ್ಚಿದ್ದರೆ ಟೆರಿಸ್ ಮತ್ತದರ ಬಂಧುಗಳು. ತುಂಡುತುಂಡಾಗಿ ಮಡಚಿದ ಅಂಚಿನ ಒಳಮೈಯಲ್ಲೇ ಬೀಜಕಕೋಶಗಳಿದ್ದು, ಕಡ್ಡಿ ಕಪ್ಪಗೆ ಹೊಳೆಯುತ್ತಿದ್ದರೆ ಅಡಿಯಾಂಟಮ್. ನರದ ಒಂದು ಬದಿಗೆ ಗೆರೆಯಂತೆ ಚಾಚಿದ ಸೋರಸ್, ಅದಕ್ಕೆ ಗೆರೆಯಂಥದ್ದೇ ಪೊರೆ ಇದ್ದರೆ ಆಸ್ಪ್ಲೀನಿಯಂ. ಮೂತ್ರಪಿಂಡದ ಆಕಾರದ ಪೊರೆಯಾದರೆ ಡ್ರಯಾಪ್ಟೆರಿಸ್‌ನಂಥವು. ದುಂಡಗೆ ಬರಿದಾಗಿ, ಪೊರೆಯೇ ಇಲ್ಲದಿದ್ದರೆ ಪಾಲಿಪೋಡಿಯೇಸೀ ಇರಬಹುದು. ಇಲ್ಲೊಂದು ತೊಡಕಿದೆ: ಪೊರೆ ಎಳೆಯದರಲ್ಲಿ ಇದ್ದು ಮಾಗಿದಾಗ ಉದುರಿಹೋಗುತ್ತದೆ. ಆದ್ದರಿಂದ ಒಂದೇ ಎಲೆಯ ಬುಡ, ನಡು, ತುದಿ ಮೂರು ಕಡೆಯೂ ನೋಡಬೇಕು.

ಎರಡನೆಯದು ಗುಪ್ತಕಾಂಡದ ಮತ್ತು ಕಡ್ಡಿಯ ಬುಡದ ಹುರುಪೆಗಳು. ಆಸ್ಪ್ಲೀನಿಯಂ ಹುರುಪೆಯನ್ನು ಲೆನ್ಸಿನಲ್ಲಿ ಬೆಳಕಿಗೆ ಹಿಡಿದರೆ ಕಿಟಕಿಯ ಜಾಲರಿಯಂತೆ ಕೋಶಗೋಡೆಗಳು ಕಪ್ಪಾಗಿ, ನಡುವೆ ಪಾರದರ್ಶಕವಾಗಿ ಕಾಣುತ್ತದೆ. ಹುರುಪೆಗೋಸ್ಕರ ಇಡೀ ಗಿಡ ಕೀಳಬೇಕಿಲ್ಲ, ಕಡ್ಡಿಯ ಬುಡದಿಂದ ಚಿಮಟದಲ್ಲಿ ಎರಡು ಹುರುಪೆ ಎತ್ತಿದರೆ ಸಾಕು.

ಎಲೆಯ ಅಡಿಯಲ್ಲಿರುವ ಕಂದು ಚುಕ್ಕೆಗಳೆಲ್ಲ ಸೋರಸ್ ಅಲ್ಲ. ಹುರುಪೆಕೀಟಗಳೂ ಹಾಗೆಯೇ ಕಾಣುತ್ತವೆ. ನರಗಳನ್ನು ಅನುಸರಿಸಿ ಕ್ರಮಬದ್ಧವಾಗಿ ಎರಡೂ ಬದಿಗೆ ಹಂಚಿಕೊಂಡಿದ್ದರೆ ಸೋರಸ್, ಎಲ್ಲೆಂದರಲ್ಲಿ ಇದ್ದರೆ ಕೀಟ. ಸೋರಸ್ ಇಲ್ಲದ ಬಂಜೆ ಎಲೆಯೊಂದೇ ಸಿಕ್ಕರೆ ಹೆಸರು ಹಚ್ಚದೆ ಬಿಡುವುದು ಸರಿ. 2016ರ ಪಿಪಿಜಿ-1 (ಟೆರಿಡೊಫೈಟ್ ಫೈಲೊಜೆನಿ ಗ್ರೂಪ್‌ನ ಮೊದಲ) ವರ್ಗೀಕರಣ ಜರೀಗಿಡ, ಲೈಕೊಪೋಡಿಯಂಗಳನ್ನು ಸೇರಿಸಿ 51 ಕುಟುಂಬ, 337 ಜಾತಿ, 11,916 ಪ್ರಭೇದ ಎಂದು ಲೆಕ್ಕ ಹಾಕಿತ್ತು. ಹೂಗಿಡಗಳಿಗೆ ಹೋಲಿಸಿದರೆ ಸಣ್ಣ ಲೋಕ, ಮನಸ್ಸಿಟ್ಟರೆ ಬೇಗ ಹಿಡಿತಕ್ಕೆ ಬರುತ್ತದೆ.

ಎಲೆತೊಟ್ಟು

ಫ್ಲೋರಾದ ಕೀ ಬಳಸುವಾಗ ಎರಡು ಮೂರು ಹೆಜ್ಜೆ ಸರಿಯಾಗಿ ಹೋಗಿ ಆಮೇಲೆ ಎಲ್ಲೋ ಅಸಂಬದ್ಧ ಗಿಡಕ್ಕೆ ತಲುಪುವುದು ಏಕೆ? ಉದಾಹರಣೆಯೊಂದಿಗೆ ಹೇಳುವಿರಾ?

ಭೂತಗನ್ನಡಿ

ಕೀ ಎಂದರೆ ಪ್ರತಿ ಹೆಜ್ಜೆಗೂ ಎರಡೆರಡು ಹೇಳಿಕೆ, ಒಂದನ್ನು ಆರಿಸಿ ಮುಂದೆ ಹೋಗುವುದು. ದಾರಿ ತಪ್ಪಿಸುವುದು ಮುಖ್ಯವಾಗಿ ಮೂರು. ಮೊದಲ ಹೇಳಿಕೆ ಹೊಂದಿದಂತೆ ಕಂಡ ಕೂಡಲೇ ಎರಡನೆಯದನ್ನು ಓದದಿರುವುದು. ಅಳತೆಯನ್ನು ಕಣ್ಣಂದಾಜಿನಲ್ಲಿ ಹಾಕುವುದು. ಒಂದೇ ಒಂದು ಹೂವು ನೋಡಿ ಕೇಸರ ಎಣಿಸುವುದು. ಎರಡೂ ಹೇಳಿಕೆ ಒಪ್ಪುವಂತಿದ್ದರೆ ಅಲ್ಲಿ ಗುರುತು ಹಾಕಿ, ಒಂದು ಕವಲಿನಲ್ಲಿ ಕೊನೆತನಕ ಹೋಗಿ, ಸಿಕ್ಕ ಪ್ರಭೇದದ ಪೂರ್ಣ ವಿವರಣೆಯನ್ನು ಗಿಡದ ಜೊತೆ ಸಾಲುಸಾಲಾಗಿ ತಾಳೆ ನೋಡಿ. ತಾಳೆಯಾಗದಿದ್ದರೆ ಗುರುತಿಗೆ ಹಿಂದಿರುಗಿ ಇನ್ನೊಂದು ಕವಲು ಹಿಡಿಯಿರಿ.

ತುಂಬೆಯನ್ನೇ ತೆಗೆದುಕೊಳ್ಳೋಣ. ಚೌಕ ಕಾಂಡ, ಎದುರುಬದುರು ಎಲೆ, ಎರಡು ತುಟಿಯ ಬಿಳಿ ಹೂವು. ಚೌಕ ಕಾಂಡ ಕಂಡೊಡನೆ ಲೇಮಿಯೇಸೀ ಎನ್ನಬೇಡಿ, ಲಂಟಾನಕ್ಕೂ ಅದಿದೆ. ಹೂವಿನೊಳಗೆ ನೋಡಿ: ನಾಲ್ಕು ಹೋಳಾದ ಅಂಡಾಶಯ, ನಡುವೆ ತಳದಿಂದೆದ್ದ ಶಲಾಕೆ. ಈಗ ಕುಟುಂಬ ಖಚಿತ. ಮೇಲ್ತುಟಿ ಗುಮ್ಮಟದಂತೆ ಬಾಗಿ ದಟ್ಟ ಬಿಳಿ ರೋಮದಿಂದ ಕೂಡಿದ್ದು, ಕೆಳತುಟಿ ದೊಡ್ಡದಾಗಿ ಮೂರು ಹೋಳಾಗಿದ್ದರೆ ಲ್ಯೂಕಾಸ್ ಜಾತಿ. ಇಲ್ಲಿಂದ ಮುಂದೆ ಎಸಳು ನೋಡಿ ಪ್ರಯೋಜನವಿಲ್ಲ, ಲ್ಯೂಕಾಸ್ ಪ್ರಭೇದಗಳನ್ನು ಬಿಡಿಸುವಾಗ ಪುಷ್ಪಪಾತ್ರೆಯೇ ಮುಖ್ಯ. ಹೂವು ಉದುರಿದ ಮೇಲೂ ಅದು ಉಳಿದಿರುತ್ತದೆ, ಕಾಯಾದ ಗಿಡವೂ ನಡೆಯುತ್ತದೆ. ಲ್ಯೂಕಾಸ್ ಆಸ್ಪೆರಾದಲ್ಲಿ ಪುಷ್ಪಪಾತ್ರೆಯ ಕೊಳವೆ ಬಾಗಿದೆ, ಕೆಳಭಾಗ ನುಣುಪು, ಮೇಲ್ಭಾಗ ಒರಟು ರೋಮದ್ದು, ಬಾಯಿ ಓರೆ, ಮೇಲ್ಬದಿಯ ಹಲ್ಲು ಉಳಿದವಕ್ಕಿಂತ ದೊಡ್ಡದು. ಲ್ಯೂಕಾಸ್ ಸೆಫಲೋಟಿಸ್‌ನಲ್ಲಿ ಹೂಗೊಂಚಲು ದೊಡ್ಡ ಚೆಂಡು, ಅದನ್ನು ಸುತ್ತಿದ ಉಪಪತ್ರಗಳು (ಹೂವಿನ ಬುಡದ ಎಲೆಯಂಥವು) ಅಗಲವಾಗಿ ಎದ್ದು ಕಾಣುತ್ತವೆ. ಲ್ಯೂಕಾಸ್ ಬೈಫ್ಲೋರಾದಲ್ಲಿ ಕಂಕುಳಲ್ಲಿ ಹೂವು ಜೋಡಿಜೋಡಿ, ಗಿಡ ನೆಲದ ಮೇಲೆ ಹರಡುತ್ತದೆ. ಪುಷ್ಪಪಾತ್ರೆಯನ್ನು ಪಕ್ಕದಿಂದ ತೆಗೆದ ಒಂದು ಫೋಟೊ ಇದ್ದರೆ ಇಷ್ಟೂ ಹೇಳಬಹುದು.

ಕೀ ಬಳಸಲು ಕಲಿಯಬೇಕಾದರೆ ಚೆನ್ನಾಗಿ ಗೊತ್ತಿರುವ ಗಿಡದಿಂದಲೇ ಶುರು ಮಾಡಿ. ಹೆಸರು ಗೊತ್ತಿದ್ದೂ ಕೀ ಬೇರೆಡೆಗೆ ಕರೆದೊಯ್ದರೆ, ಯಾವ ಪದವನ್ನು ಅಥವಾ ಯಾವ ಭಾಗವನ್ನು ತಪ್ಪಾಗಿ ಓದಿದಿರಿ ಎಂಬುದು ಅಲ್ಲೇ ಬಯಲಾಗುತ್ತದೆ. ಗೊತ್ತಿಲ್ಲದ ಗಿಡದಲ್ಲಿ ಆ ತಪ್ಪು ಗೊತ್ತೇ ಆಗುವುದಿಲ್ಲ.

ಕಂಕುಳಮೊಗ್ಗು

ಮತ್ತೊಂದು ಕಾರಣ ಸೇರಿಸಬೇಕು. ಫ್ಲೋರಾ ಅಚ್ಚಾದ ಮೇಲೆ ಬಂದ ಗಿಡ ಅದರ ಕೀಯಲ್ಲಿ ಇರುವುದೇ ಇಲ್ಲ. ಆದರೂ ಕೀ ಎಲ್ಲೋ ಒಂದು ಕಡೆ ತಲುಪಿಸಿಯೇ ತೀರುತ್ತದೆ, "ಇದು ನನ್ನಲ್ಲಿಲ್ಲ" ಎಂದು ಅದು ಹೇಳಲಾರದು. ಸ್ಥಳೀಯ ಗಿಡ ಕಲಿಯುವವರು ಬಂದು ನೆಲೆಸಿದ ಗಿಡಗಳನ್ನೂ ಕಲಿಯಲೇಬೇಕು ಎನ್ನುವುದು ಇದಕ್ಕೇ. ಲಂಟಾನ, ಪಾರ್ಥೇನಿಯಂ, ಕಮ್ಯುನಿಸ್ಟ್ ಗಿಡ, ಮುಟ್ಟಿದರೆ ಮುನಿ ಇವೆಲ್ಲ ಅಮೆರಿಕ ಖಂಡದ ಉಷ್ಣವಲಯದವು. ಮೇಲೆ ಹೇಳಿದ ಫಿಲ್ಯಾಂತಸ್ ಅಮಾರಸ್ ಕೂಡ ಅಲ್ಲಿಯದೇ. ಹುಣಸೆಯ ಮೂಲ ಆಫ್ರಿಕಾ. ಕನ್ನಡ ಹೆಸರಿದೆ, ಔಷಧಕ್ಕೆ ಬಳಸುತ್ತಾರೆ, ಎಲ್ಲೆಡೆ ಬೆಳೆಯುತ್ತದೆ ಎನ್ನುವುದು ಯಾವುದೂ ಸ್ಥಳೀಯತೆಗೆ ಸಾಕ್ಷಿಯಲ್ಲ. ರಸ್ತೆಬದಿ, ಪಾಳುಭೂಮಿಯಲ್ಲಿ ಮಾತ್ರ ಕಾಣುತ್ತದೆಯೋ, ಕದಡದ ಕಾಡಿನೊಳಗೂ ಇದೆಯೋ ನೋಡಿ. ಆ ಜಾತಿಯ ಉಳಿದ ಪ್ರಭೇದಗಳು ಯಾವ ಖಂಡದಲ್ಲಿವೆ, ಹಳೆಯ ಹರ್ಬೇರಿಯಂ ಹಾಳೆಗಳು (ಒಣಗಿಸಿ ಅಂಟಿಸಿಟ್ಟ ಗಿಡಗಳ ಸಂಗ್ರಹ) ಯಾವ ಕಾಲದಿಂದ ಸಿಗುತ್ತವೆ ಎಂಬುದನ್ನೂ ಸೇರಿಸಿ ತೂಗಿ.

ಊರಿನ ಹೆಸರನ್ನು ಬರೆದುಕೊಳ್ಳಿ, ಅದರ ಮೇಲೆ ತೀರ್ಮಾನ ಕಟ್ಟಬೇಡಿ. ಬ್ರಾಹ್ಮಿ ಎಂದು ಕೆಲವರು ತೋರಿಸುವುದು ಬಕೋಪಾ ಮೊನಿಯೇರಿಯನ್ನು, ಕೆಲವರು ಒಂದೆಲಗವನ್ನು. ಮೊದಲನೆಯದಕ್ಕೆ ದಪ್ಪನೆಯ ಸಣ್ಣ ಎಲೆಗಳು ಎದುರುಬದುರು, ಕಂಕುಳಲ್ಲಿ ಒಂಟಿ ಹೂವು. ಎರಡನೆಯದಕ್ಕೆ ಗೆಣ್ಣಿನಿಂದೆದ್ದ ಉದ್ದ ತೊಟ್ಟಿನ ದುಂಡು ಎಲೆ, ಹೂವು ಕೊಡೆಯಂಥ ಗುಚ್ಛದಲ್ಲಿ, ಕೊತ್ತಂಬರಿಯ ಕುಟುಂಬ.

ಒಣಹಾಳೆ

ಮಾದರಿ ಒಣಗಿಸುವ ವಿಷಯ ಯಾರೂ ಎತ್ತಿಲ್ಲ. ಅನುಮಾನ ಉಳಿದ ಗಿಡವನ್ನು ತಜ್ಞರಿಗೆ ತೋರಿಸಲು ಒಣ ಮಾದರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಒಂದು ಎಲೆಯನ್ನೂ ಕೀಳಬೇಡಿ. ಬೇರೆಡೆಯೂ ಆಸುಪಾಸಿನಲ್ಲಿ ಕನಿಷ್ಠ 20 ಗಿಡಗಳಿದ್ದರೆ ಮಾತ್ರ ಒಂದನ್ನು ತೆಗೆಯುವ ಪದ್ಧತಿ ಇಟ್ಟುಕೊಳ್ಳಿ. ಆರ್ಕಿಡ್‌ಗಳನ್ನಂತೂ ಫೋಟೊದಲ್ಲೇ ಬಿಡಿ.

ಹಾಳೆಯ ಅಳತೆ ಸುಮಾರು 42×28 ಸೆಂ.ಮೀ. ಅದಕ್ಕಿಂತ ಉದ್ದದ ಗಿಡವನ್ನು ಇಂಗ್ಲಿಷಿನ ವಿ ಅಥವಾ ಎನ್ ಅಕ್ಷರದಂತೆ ಮಡಚಿ. ಹೂವು, ಕಾಯಿ ಎರಡೂ ಇರುವ ಕೊಂಬೆ ಆರಿಸಿ. ಒಂದೆರಡು ಎಲೆಗಳ ಅಡಿ ಮೇಲಾಗಿ ಕಾಣುವಂತೆ ಮಗುಚಿಡಿ, ಒಂದು ಹೂವನ್ನು ಸೀಳಿ ತೆರೆದಿಡಿ. ಪತ್ರಿಕೆ ಹಾಳೆಯಲ್ಲಿಟ್ಟು ಬಿಗಿದ 24 ಗಂಟೆಯೊಳಗೆ ಮೊದಲ ಸಲ ಹಾಳೆ ಬದಲಿಸಬೇಕು. ಆಗ ಎಲೆಗಳು ಬಾಡಿ ಮೆತ್ತಗಿರುತ್ತವೆ, ಮಡಚಿಕೊಂಡದ್ದನ್ನು ಬಿಡಿಸಲು ಅದೇ ಸರಿಯಾದ ಹೊತ್ತು. ಆಮೇಲೆ ದಿನಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ಸಲ. ಮಾದರಿ ಕಪ್ಪಾಗಲು, ಬೂಷ್ಟು ಹಿಡಿಯಲು ಮುಖ್ಯ ಕಾರಣ ನಿಧಾನವಾಗಿ ಒಣಗುವುದು. ನಡುನಡುವೆ ಸುಕ್ಕುರಟ್ಟು ಇಟ್ಟರೆ ಗಾಳಿ ಆಡಿ ಬೇಗ ಒಣಗುತ್ತದೆ. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗನಿಸಿದರೆ ಇನ್ನೂ ನೀರಿದೆ ಎಂದರ್ಥ. ರಸಭರಿತ ಗಿಡಗಳು ಹಾಳೆಯ ನಡುವೆಯೂ ಬದುಕಿದ್ದು ಎಲೆ ಉದುರಿಸುತ್ತವೆ. ಹೂವು ಬಿಟ್ಟು ಉಳಿದ ಭಾಗವನ್ನು ಕುದಿಯುವ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ತೆಗೆದರೆ ಆ ತೊಂದರೆ ತಪ್ಪುತ್ತದೆ.

ಕೀಟ ಸಾಯಲು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ −20 ಡಿಗ್ರಿಯಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವ ತನಕ ಚೀಲ ಬಿಚ್ಚಬಾರದು, ಇಲ್ಲದಿದ್ದರೆ ಇಬ್ಬನಿ ಕೂತು ಮತ್ತೆ ಒದ್ದೆಯಾಗುತ್ತದೆ. ಹಳೆಯ ಹರ್ಬೇರಿಯಂ ಹಾಳೆಗಳಿಗೆ ಪಾದರಸದ ಕ್ಲೋರೈಡ್ ಹಚ್ಚುವ ರೂಢಿಯಿತ್ತು, ಅವನ್ನು ಕೈಗವಸು ಹಾಕಿಕೊಂಡೇ ಮುಟ್ಟಿ.

ಚೀಟಿಯಲ್ಲಿ ದಿನಾಂಕ, ಜಾಗದ ಅಕ್ಷಾಂಶ ರೇಖಾಂಶ, ಎತ್ತರ, ನೆಲೆ, ಗಿಡದ ಎತ್ತರ, ನಿಮ್ಮ ಸಂಗ್ರಹ ಸಂಖ್ಯೆ. ಜೊತೆಗೆ ಒಣಗಿದ ಮೇಲೆ ಕಾಣದೆ ಹೋಗುವ ಎಲ್ಲವೂ: ಹೂವಿನ ಬಣ್ಣ, ವಾಸನೆ, ಹಾಲು, ತೊಗಟೆ.

ಹೆಮ್ಮರ

ಫೋಟೊ ಮಾತ್ರ ತೆಗೆಯುವವರೂ ಮಾದರಿ ಸಂಗ್ರಹಿಸುವಂತೆಯೇ ಯೋಚಿಸಬೇಕು. ಇಡೀ ಗಿಡ, ಎಲೆಯ ಎರಡೂ ಮೈ, ಎಳೆಯ ಗೆಣ್ಣಿನ ಹತ್ತಿರದ ಚಿತ್ರ, ಹೂವು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಕಾಯಿ, ಒಂದರಲ್ಲಾದರೂ ಸ್ಕೇಲು. ಸೂರ್ಯಕಾಂತಿ ಕುಟುಂಬದ್ದಾದರೆ ಹೂವಿನಂತೆ ಕಾಣುವುದು ಹಲವು ಕಿರುಹೂಗಳ ತಲೆ, ಅದನ್ನು ಬುಡದಿಂದ ನೇರವಾಗಿ ಸೀಳಿ ತೆಗೆದ ಚಿತ್ರ ಬೇಕೇ ಬೇಕು. ಹೊರಗಿನ ಹಸಿರು ಉಪಪತ್ರಗಳು ಎಷ್ಟು ಸಾಲು, ಕಿರುಹೂಗಳ ನಡುವೆ ಹೊಟ್ಟಿನಂಥ ಪೊರೆ ಇದೆಯೋ, ಬೀಜದ ತಲೆಯ ಮೇಲೆ ರೋಮವೋ ಮುಳ್ಳೋ ಬರಿದೋ, ಇವು ಮೇಲಿನಿಂದ ತೆಗೆದ ಚೆಂದದ ಚಿತ್ರದಲ್ಲಿ ಸಿಗುವುದಿಲ್ಲ. ಇಷ್ಟು ಕೊಟ್ಟರೆ ಆ್ಯಪ್ ಹೇಳಿದ ಹೆಸರನ್ನು ಯಾರಾದರೂ ಪರೀಕ್ಷಿಸಬಹುದು. ಇಲ್ಲದಿದ್ದರೆ ಕುಟುಂಬ ಅಥವಾ ಜಾತಿಯ ಮಟ್ಟದಲ್ಲೇ ನಿಲ್ಲಿಸಿ. ಗಿಡ, ಪ್ರಾಣಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್‌ನಲ್ಲಿ ಇಬ್ಬರು ಒಪ್ಪಿದರೂ ದಾಖಲೆ ಖಚಿತ ದರ್ಜೆಗೆ ಏರಬಲ್ಲದು, ಆದ್ದರಿಂದ ಸುಮ್ಮನೆ "ಒಪ್ಪಿದೆ" ಒತ್ತುವುದು ತಪ್ಪನ್ನು ಗಟ್ಟಿ ಮಾಡಿದಂತೆ. ನೆಟ್ಟು ಬೆಳೆಸಿದ ಗಿಡವಾದರೆ ಹಾಗೆಂದು ಗುರುತು ಹಾಕುವುದನ್ನೂ ಮರೆಯಬೇಡಿ.

ಎಲೆತೊಟ್ಟು

ಕೊನೆಯದೊಂದು ಪ್ರಶ್ನೆ. ಅಂಡಾಶಯದ ಕೋಣೆಗಳನ್ನು ಎಣಿಸಲು ಹೋದರೆ ಬ್ಲೇಡಿಗೆ ಸಿಕ್ಕಿ ಜಜ್ಜಿಹೋಗುತ್ತದೆ. ಹೂವು 4 ಮಿ.ಮೀ. ಕೂಡ ಇಲ್ಲ.

ಭೂತಗನ್ನಡಿ

ಅಂಡಾಶಯ ಬಿಟ್ಟುಬಿಡಿ. ಅದೇ ಗಿಡದಲ್ಲಿ ಎಸಳು ಉದುರಿ ಅಂಡಾಶಯ ಎರಡು ಮೂರು ಪಟ್ಟು ಉಬ್ಬಿದ ಎಳೆಗಾಯಿ ಹುಡುಕಿ, ನಡುವಿಗೆ ಅಡ್ಡಲಾಗಿ ಕತ್ತರಿಸಿ. ಕೋಣೆಗಳು ಸ್ಪಷ್ಟವಾಗಿ ಕಾಣುತ್ತವೆ. ತುಂಬಾ ಮಾಗಿದ ಕಾಯಿ ಬೇಡ, ಕೆಲವು ಗಿಡಗಳಲ್ಲಿ ಒಂದು ಕೋಣೆ ಮಾತ್ರ ಬೆಳೆದು ಉಳಿದವು ಮುರುಟಿರುತ್ತವೆ. ಬ್ಲೇಡನ್ನು ಒತ್ತಬೇಡಿ, ಒಂದೇ ದಿಕ್ಕಿಗೆ ಎಳೆಯಿರಿ. ಒಣ ಮಾದರಿಯ ಹೂವಾದರೆ ಬಿಸಿನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಐದು ಹತ್ತು ನಿಮಿಷ ನೆನೆಸಿದ ಮೇಲೆ ಕತ್ತರಿಸಿ.

ಅಂಡಾಶಯದ ಸ್ಥಾನ ನೋಡಬೇಕಿದ್ದರೆ ಮಾತ್ರ ಹೂವನ್ನೇ ತೊಟ್ಟಿನಿಂದ ಮೇಲಕ್ಕೆ ಉದ್ದುದ್ದ ಸೀಳಬೇಕು. ಗುಲಾಬಿ ಮತ್ತು ದಾಳಿಂಬೆಯ ಕುಟುಂಬಗಳ ಹಲವು ಹೂಗಳಲ್ಲಿ ಪುಷ್ಪಪಾತ್ರೆಯ ಬುಡ ಬಟ್ಟಲಾಗಿ ಅಂಡಾಶಯವನ್ನು ಸುತ್ತುವರಿದಿರುವುದರಿಂದ, ಹೊರಗಿನಿಂದ ನೋಡಿದಾಗ ಅದು ಕೆಳಗಿರುವಂತೆ ತೋರುತ್ತದೆ. ಸೀಳಿದ ಹೂವಿನಲ್ಲಿ ಬಟ್ಟಲಿನ ಗೋಡೆ ಮತ್ತು ಅಂಡಾಶಯದ ನಡುವೆ ಸೂಜಿ ತುದಿ ಹೋಗುವಷ್ಟು ಸಂದು ಇದ್ದರೆ ಅದು ಅಂಟಿಕೊಂಡಿಲ್ಲ, ನೀಚಸ್ಥಾನದ (ಎಸಳುಗಳ ಬುಡಕ್ಕಿಂತ ಕೆಳಗಿನ) ಅಂಡಾಶಯ ಎಂದು ಬರೆಯಬಾರದು.